ಕೆಂಪು ಪಟ್ಟಿಯಿಲ್ಲದ ಚೀಟಿ

ಫೆಬ್ರವರಿ 4, ಮಂಗಳವಾರ

ಹೊಸ ಕಂಪ್ಯೂಟರ್ ಇವತ್ತು ಚಾಲೂ ಆಯಿತು. ಹಳೆಯದು ಶನಿವಾರ ಕೆಟ್ಟು ಕೂತಿದ್ದರಿಂದ ನಿನ್ನೆಯೆಲ್ಲ ಚೀಟಿಗಳನ್ನು ಕೈಯಲ್ಲೇ ಬರೆದು ಎಲ್ಲರಿಗೂ ಬೆರಳು ನೋವು. ಹೊಸದುರ್ಗದಂಥ ಊರಿನ ಸಣ್ಣ ಡಯಾಲಿಸಿಸ್ ಕೇಂದ್ರ ನಮ್ಮದು. ಎಂಟು ಯಂತ್ರ, ನಲವತ್ತೈದು ರೋಗಿಗಳು. ಒಬ್ಬೊಬ್ಬರೂ ವಾರಕ್ಕೆರಡು ಸಲ ಬಂದು ನಾಲ್ಕು ತಾಸು ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ಬಂದ ಕೂಡಲೇ ಅವರಿಗೊಂದು ಚೀಟಿ ಅಚ್ಚಾಗುತ್ತದೆ: ತೂಕ, ಬಿಪಿ, ಯಾವ ಯಂತ್ರ, ಮೈಯಿಂದ ಎಷ್ಟು ನೀರು ತೆಗೆಯಬೇಕು. ಯಾವುದಾದರೂ ಔಷಧ ಮೈಗೆ ಆಗದಿದ್ದರೆ ಚೀಟಿಯ ತಲೆಯ ಮೇಲೆ ಕೆಂಪು ಪಟ್ಟಿ, ಅದರೊಳಗೆ ಆ ಔಷಧದ ಹೆಸರು. ಆ ಚೀಟಿ ತೆಗೆಯುವ ಪ್ರೋಗ್ರಾಂ ನನ್ನದು. ಮೂರು ವರ್ಷದಿಂದ ಒಂದು ದಿನವೂ ಕೈಕೊಟ್ಟಿಲ್ಲ.

ಪೂರ್ತಿ ನಾನೇ ಬರೆದದ್ದಲ್ಲ, ಅದೂ ನಿಜ. ಡೇಟಾಬೇಸಿನ ಜೊತೆ ಮಾತಾಡಲು ಒಂದು, ಅಚ್ಚು ಹಾಕಲು ಒಂದು, ಅಲರ್ಜಿ ಪಟ್ಟಿಯ ಎಕ್ಸೆಲ್ ಫೈಲ್ ಓದಲು ಒಂದು, ಹೀಗೆ ಬೇರೆಯವರು ಬರೆದಿಟ್ಟ ಮೂರು ಲೈಬ್ರರಿಗಳನ್ನು, ಅಂದರೆ ಸಿದ್ಧ ಪ್ರೋಗ್ರಾಂ ಕಟ್ಟುಗಳನ್ನು, ಬಳಸಿದ್ದೇನೆ. ಅವು ಬೇರೆ ಬೇರೆ ಜಾರ್ ಫೈಲುಗಳು. ಪ್ರೋಗ್ರಾಂ ಓಡುವ ಹೊತ್ತಿಗೆ ಅವು ಎಲ್ಲಿವೆಯೆಂದು ಅದನ್ನು ಓಡಿಸುವ ಜಾವಾಕ್ಕೆ ದಾರಿ ಹೇಳಿಕೊಡಬೇಕು, ಅಷ್ಟೆ.

ಹಳೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಜೊತೆಗೇ ಒಂದು ಕಪ್ಪು ಕಿಟಕಿ ತೆರೆದುಕೊಂಡು ಅದರಲ್ಲಿ ಅಕ್ಷರಗಳು ಓಡುತ್ತಿದ್ದವು. ಮ್ಯಾನೇಜರ್ ಶಿವಕುಮಾರಪ್ಪನವರಿಗೆ ಅದು ಕಂಡರೆ ಆಗದು. "ಅದೊಂದು ಬ್ಯಾಡ ಮೇಡಂ, ವೈರಸ್ ಬಂದಂಗೆ ಕಾಣ್ತೈತೆ" ಎಂದಿದ್ದರು. ಈ ಸಲ ತೆರೆಯ ಮೇಲೆ ಚಂದದ ಒಂದು ಚಿತ್ರ ಇಟ್ಟಿದ್ದೇನೆ. ಎರಡು ಸಲ ಒತ್ತಿದರೆ ಸಾಕು. ಒಂದು ಚೀಟಿ ತೆಗೆದು ನೋಡಿದೆ. ಬಂತು. "ಈಗ ನೋಡ್ರಿ, ಬ್ಯಾಂಕ್ನಾಗೆ ಇದ್ದಂಗೈತೆ" ಎಂದರು.

ಮನೆಗೆ ಬಂದು ಹೇಳಿದರೆ ಪರಮೇಶ್ ತಲೆಯೂ ಎತ್ತಲಿಲ್ಲ. ನೀರೆತ್ತುವ ಮೋಟರುಗಳ ತಂತಿ ಸುತ್ತುವ ಗಂಡನಿಗೆ ಇದೆಲ್ಲ ಏನು ತಿಳಿಯಬೇಕು.

ಫೆಬ್ರವರಿ 11, ಮಂಗಳವಾರ

ಇದನ್ನು ಬರೆದೇ ಮಲಗಬೇಕು.

ಬೆಳಗಿನ ಪಾಳಿಯಲ್ಲಿ ಮೂವತ್ತೊಂದನೆಯ ನಂಬರಿನ ರೋಗಿಗೆ, ಯಂತ್ರಕ್ಕೆ ಹಾಕಿ ಒಂದು ತಾಸಾಗುವಷ್ಟರಲ್ಲಿ ಚಳಿ ಹತ್ತಿತು. ಹೆಸರು ಜುಂಜಣ್ಣ. ಮಾರಿಕಣಿವೆ ಕಡೆಯ ಗೊಲ್ಲರಹಟ್ಟಿಯವನು, ಕುರಿ ಕಾಯುವವನು. ಮಂಚವೇ ಅಲ್ಲಾಡುವಂತೆ ನಡುಗುತ್ತಿದ್ದ. ಡ್ಯೂಟಿ ಡಾಕ್ಟರು ಚೀಟಿ ನೋಡಿ, ಸೋಂಕಿಗೆಂದು ಇಂಜೆಕ್ಷನ್ ಬರೆದರು. ಮರುಳಸಿದ್ದಮ್ಮ ಸಿಸ್ಟರ್ ಕೊಟ್ಟರು. ಐದು ನಿಮಿಷವೂ ಆಗಿರಲಿಲ್ಲ. ಅವನ ತುಟಿ, ಕಣ್ಣು ಊದಿಕೊಂಡವು. ಉಸಿರು ಸೀಟಿ ಹೊಡೆದಂತೆ ಕೇಳತೊಡಗಿತು. ಆಮೇಲೆ ಅದೂ ಕೇಳಲಿಲ್ಲ. ಯಾರೋ ಎದೆ ಒತ್ತುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ, ಕೈಯಲ್ಲಿ ಮುಂದಿನವರ ಚೀಟಿ ಹಿಡಿದುಕೊಂಡು.

ಹೇಗೋ ಉಸಿರು ಮರಳಿತು. ಆಂಬುಲೆನ್ಸಿನಲ್ಲಿ ಜಿಲ್ಲಾಕೇಂದ್ರವಾದ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು.

ಹೊರಗೆ ಅವನ ಹೆಂಡತಿ ಗಂಗಕ್ಕ ಗೋಡೆ ಹಿಡಿದು ಕೂಗಿಕೊಳ್ಳುತ್ತಿದ್ದಳು. "ದುರ್ಗದಾಗೆ ಹೋದ್ವರ್ಷ ಹಿಂಗೇ ಆಗಿತ್ತು ಕಣ್ರವ್ವ. ಆ ಸೂಜಿ ಇವ್ರಿಗೆ ಆಗಕಿಲ್ಲ ಅಂತ ಬರ್ದು ಕೊಟ್ಟಿದ್ರು. ಆ ಕಾಗ್ದ ನಿಮ್ಗೇ ಕೊಟ್ಟಿದ್ನಲ್ಲ!"

ಕೊಟ್ಟಿದ್ದಳು. ಅದನ್ನು ಅಲರ್ಜಿ ಪಟ್ಟಿಗೆ ಸೇರಿಸಿದವಳೇ ನಾನು. ಖಂಡಿತ ಸೇರಿಸಿದ್ದೇನೆ.

ಫೆಬ್ರವರಿ 12, ಬುಧವಾರ

ಬೆಳಗ್ಗೆಯೇ ಶಿವಕುಮಾರಪ್ಪನವರು ಎಲ್ಲರನ್ನೂ ಕರೆದರು. ಮರುಳಸಿದ್ದಮ್ಮ ಒಂದೇ ಮಾತು ಹೇಳಿದರು: "ಚೀಟಿ ಮ್ಯಾಲೆ ಕೆಂಪು ಪಟ್ಟಿ ಇರ್ಲಿಲ್ಲ ಸರ್. ಇದ್ದಿದ್ರೆ ನಾನ್ಯಾಕ್ ಕೊಡ್ತಿದ್ದೆ?"

ಆ ಚೀಟಿ ರೋಗಿಯ ಜೊತೆ ದುರ್ಗಕ್ಕೆ ಹೋಗಿದೆ. ಅಲ್ಲಿ ಯಾರನ್ನು ಕೇಳಿದರೂ ಸಿಕ್ಕಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಕೇಂದ್ರದ ಕಂಪ್ಯೂಟರಿನಲ್ಲಿ ಪಾಳಿಯ ಚೀಟಿಗಳು ಅಚ್ಚಾಗುತ್ತಿದ್ದವು. ನಾನು ಲ್ಯಾಪ್‌ಟಾಪ್ ತೆಗೆದು, ಪ್ರೋಗ್ರಾಂ ಓಡಿಸಿ, ಮೂವತ್ತೊಂದನೆಯ ನಂಬರ್ ಹಾಕಿ ತೋರಿಸಿದೆ. ಕೆಂಪು ಪಟ್ಟಿ ಬಂತು, ಔಷಧದ ಹೆಸರಿನ ಸಮೇತ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು?

ಮರುಳಸಿದ್ದಮ್ಮ ಆ ತೆರೆಯನ್ನು ಬಹಳ ಹೊತ್ತು ನೋಡಿದರು. ಇಪ್ಪತ್ತಾರು ವರ್ಷ ಸರ್ವೀಸಂತೆ, ಕಣ್ಣು ಮಂಜಾಗಿರಬಹುದು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಶಿವಕುಮಾರಪ್ಪನವರು ಹೇಳಿದರು. ಸಿಸ್ಟರ್ ಬ್ಯಾಗ್ ತೆಗೆದುಕೊಂಡು ಹೊರಟುಹೋದರು.

ನನ್ನ ಪ್ರೋಗ್ರಾಂ ಸರಿಯಾಗಿದೆ. ನಾನು ಹೇಳಿದ್ದು ಅಷ್ಟೇ. ಅವರು ತಪ್ಪು ಮಾಡಿದ್ದಾರೆ ಎಂದು ನಾನು ಹೇಳಲಿಲ್ಲ.

ಫೆಬ್ರವರಿ 13, ಗುರುವಾರ

ಜುಂಜಣ್ಣನಿಗೆ ಇನ್ನೂ ಉಸಿರಾಟದ ಯಂತ್ರ ಹಾಕಿದ್ದಾರಂತೆ.

ಫೆಬ್ರವರಿ 15, ಶನಿವಾರ

ಬಾಗೂರಿನ ಕಾಟಲಿಂಗಪ್ಪ ಬಂದಿದ್ದರು. ಎಪ್ಪತ್ತು ದಾಟಿದವರು, ಯಾವಾಗಲೂ ನಗುನಗುತ್ತಲೇ ಮಲಗುವವರು. ಚೀಟಿ ಕೈಗೆ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನಮ್ಮ, ನನ್ ಕಾಗ್ದುಕ್ಕೆ ಕುಂಕುಮ ಇಡದೇ ಬಿಟ್ಟೀಯಾ?"

"ಯಾವ ಕುಂಕುಮ?"

"ಅದೇ, ಮ್ಯಾಲೆ ಕೆಂಪಗೆ ಬರ್ತಿತ್ತಲ್ಲ. ಹೋದ್ವಾರನೂ ಇರ್ಲಿಲ್ಲ. ವಾಸಿ ಆಗೈತೇನೋ ಅಂದ್ಕಂಡು ಸುಮ್ನಾದೆ."

ನಕ್ಕೆ. ಇನ್ನೊಂದು ಚೀಟಿ ತೆಗೆದುಕೊಡುತ್ತೇನೆ ಎಂದೆ. ತೆಗೆದೆ. ಪಟ್ಟಿ ಇಲ್ಲ. ಮತ್ತೆ ತೆಗೆದೆ. ಇಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪ್ರೋಗ್ರಾಮನ್ನು ಕಪ್ಪು ಕಿಟಕಿಯಿಂದ ಓಡಿಸಿದೆ. ಕಾಟಲಿಂಗಪ್ಪನವರ ನಂಬರ್ ಹಾಕಿದ ತಕ್ಷಣ ಹತ್ತಾರು ಸಾಲುಗಳು ಉದುರಿದವು. ಎಕ್ಸೆಲ್ ಓದುವ ಲೈಬ್ರರಿ ಸಿಗಲಿಲ್ಲ ಎಂದು ಜಾವಾ ಹೇಳುತ್ತಿತ್ತು. ಹನ್ನೊಂದು ದಿನದಿಂದ ಪ್ರತಿ ಚೀಟಿಗೂ ಹೇಳುತ್ತಿತ್ತು. ಕೇಳುವ ಕಿಟಕಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ.

ಕಾರಣ ಇಷ್ಟೇ. ಮೊದಲ ಎರಡು ಲೈಬ್ರರಿಗಳ ದಾರಿಯನ್ನು ಪ್ರೋಗ್ರಾಮಿನ ಜಾರ್ ಫೈಲಿನ ಒಳಗೇ ಬರೆದಿದ್ದೆ. ಮೂರನೆಯದನ್ನು ಹೊರಗಿನಿಂದ, ಓಡಿಸುವ ಆಜ್ಞೆಯಲ್ಲಿ ಕೊಟ್ಟಿದ್ದೆ. ಹಳೆಯ ಕಂಪ್ಯೂಟರಿನಲ್ಲಿ ಓಡಿಸುವ ರೀತಿ ಬೇರೆ, ಅಲ್ಲಿ ಅದು ನಡೆಯುತ್ತಿತ್ತು. ತೆರೆಯ ಮೇಲಿನ ಹೊಸ ಚಿತ್ರದಂತೆ ಜಾರ್ ಫೈಲನ್ನೇ ಹೆಸರಿಸಿ ನೇರವಾಗಿ ಓಡಿಸಿದರೆ ಜಾವಾ ಹೊರಗಿನ ದಾರಿಯನ್ನು ನೋಡುವುದೇ ಇಲ್ಲ, ಒಳಗೆ ಬರೆದದ್ದನ್ನು ಮಾತ್ರ ನಂಬುತ್ತದೆ. ಇದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಯಾವಾಗಲೋ ಓದಿದ್ದೆ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆಯುವ ತಂತ್ರಾಂಶವೇ ಮೂರನ್ನೂ ತಾನಾಗಿ ಒದಗಿಸುತ್ತದೆ, ಅದಕ್ಕೇ ಬುಧವಾರ ಅಲ್ಲಿ ಪಟ್ಟಿ ಬಂದದ್ದು. ಏನೇ ತಪ್ಪಾದರೂ ಚೀಟಿ ಅಚ್ಚಾಗುವುದು ನಿಲ್ಲಬಾರದೆಂದು ನಾಲ್ಕು ಸಾಲು ಬರೆದಿಟ್ಟವಳೂ ನಾನೇ. ಹಾಗಾಗಿ ಪ್ರೋಗ್ರಾಂ ನಿಲ್ಲಲಿಲ್ಲ. ಪಟ್ಟಿ ಬಿಟ್ಟು ಉಳಿದದ್ದನ್ನು ಅಚ್ಚು ಹಾಕುತ್ತಾ ಹೋಯಿತು.

ಸರಿ ಮಾಡಲು ಹತ್ತು ನಿಮಿಷ ಹಿಡಿಯಿತು. ಈಗ ಪಟ್ಟಿ ಬರುತ್ತಿದೆ.

ಪಟ್ಟಿ ಬರಬೇಕಾದವರು ಏಳು ಜನ. ಉಳಿದ ಆರು ಜನಕ್ಕೆ ಏನೂ ಆಗಿಲ್ಲ. ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಯಾರಿಗೂ ಹೇಳಲಿಲ್ಲ.

ಫೆಬ್ರವರಿ 16, ಭಾನುವಾರ

ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದೆ. ಕಿಟಕಿ ಒರೆಸಿದೆ. ತೊಳೆದ ಡಬ್ಬಿಗಳನ್ನು ಮತ್ತೆ ತೊಳೆಯುತ್ತಿದ್ದಾಗ ಪರಮೇಶ್ ನನ್ನ ಕೈ ಹಿಡಿದು, "ಏನಾಗೈತೆ ನಿಂಗೆ?" ಎಂದ.

ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಈಗ ಸರಿ ಮಾಡೀಯಲ್ಲ?"

"ಮಾಡೀನಿ."

"ಯಾರಿಗೂ ಗೊತ್ತಾಗಕಿಲ್ಲ ಅಲ್ವಾ?"

"ಗೊತ್ತಾಗಲ್ಲ."

"ಹಂಗಾರೆ ಸುಮ್ನಿರು. ಬೇಕಂತ ಮಾಡಿದ್ದಲ್ಲ ನೀನು."

ನಾನು ಕೇಳಬೇಕೆಂದಿದ್ದ ಮಾತೇ ಅದು. ಆದರೂ ಅವನ ಮೇಲೆ ವಿಪರೀತ ಸಿಟ್ಟು ಬಂತು. ಸಾರಿಗೆ ಉಪ್ಪು ಹೆಚ್ಚಾಯಿತು. ಅವನು ಅದನ್ನೂ ಹೇಳದೆ ಉಂಡ.

ಫೆಬ್ರವರಿ 18, ಮಂಗಳವಾರ

ಮರುಳಸಿದ್ದಮ್ಮನವರ ಜಾಗಕ್ಕೆ ಭಾಗ್ಯ ಎನ್ನುವ ನರ್ಸ್ ಬಂದಿದ್ದಾಳೆ. ಮೊದಲ ಪಾಳಿಯಲ್ಲೇ ಒಂದು ಚೀಟಿ ಹಿಡಿದು, "ಇದೇನ್ ಸರ್ ಕೆಂಪು?" ಎಂದು ಕೇಳಿದಳು.

ಶಿವಕುಮಾರಪ್ಪನವರ ಮುಖ ಅರಳಿತು. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಪ್ಪ, ಎಷ್ಟು ಎದ್ದು ಕಾಣ್ತೈತೆ! ಹೊಸ ಹುಡುಗಿಗೆ ಕಾಣ್ತು. ಆಯಮ್ಮಂಗೆ ಕಾಣ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ?" ಆ ಚೀಟಿಯ ಒಂದು ಪ್ರತಿಯನ್ನು ವಿಚಾರಣೆಯ ಫೈಲಿಗೂ ಹಾಕಿಸಿದರು.

ನಾನು ಸರಿ ಮಾಡಿದ್ದೇ ಆ ಹೆಂಗಸಿನ ವಿರುದ್ಧ ಸಾಕ್ಷಿಯಾಗಿ ಕೂತಿತು. ಪ್ರಿಂಟರಿಗೆ ಕಾಗದ ತುಂಬುವ ನೆಪದಲ್ಲಿ ಬಗ್ಗಿ ಕೂತೆ.

ಫೆಬ್ರವರಿ 19, ಬುಧವಾರ

ರಜೆ ಹಾಕಿ ದುರ್ಗಕ್ಕೆ ಹೋಗಿದ್ದೆ. ಜುಂಜಣ್ಣನ ಉಸಿರಾಟದ ಯಂತ್ರ ತೆಗೆದಿದ್ದಾರೆ. ವಾರ್ಡಿಗೆ ತಂದಿದ್ದಾರೆ, ಡಯಾಲಿಸಿಸ್ಸೂ ಸದ್ಯಕ್ಕೆ ಅಲ್ಲೇ. ಗಂಟಲಲ್ಲಿ ನಳಿಕೆ ಇದ್ದದ್ದರಿಂದ ದನಿ ಹೊರಡುತ್ತಿಲ್ಲ. ನನ್ನನ್ನು ಕಂಡು ಕೈ ಎತ್ತಿ ಮುಗಿದರು. ಆ ಕೈಯನ್ನು ಕೆಳಗಿಳಿಸಿರೆಂದು ಹೇಳಬೇಕೆನಿಸಿತು.

ಗಂಗಕ್ಕ ನನಗಾಗಿ ಸ್ಟೂಲ್ ಎಳೆದು, ಸೆರಗಿನಿಂದ ಒರೆಸಿ, "ಕುಂತ್ಕಳವ್ವ, ಅಷ್ಟು ದೂರದಿಂದ ಬಂದೀಯ" ಎಂದಳು. ಯಾರೂ ನೋಡಲು ಬಂದಿರಲಿಲ್ಲವಂತೆ, ನಾನೇ ಮೊದಲು. ಆಮೇಲೆ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನೆಲ್ಲ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಇದ್ರಾಗೆ ಯಾವ್ದು ಬೇಕು, ಯಾವ್ದು ಬ್ಯಾಡ, ಒಸಿ ನೋಡವ್ವ. ನಂಗೆ ಓದಾಕೆ ಬರಕಿಲ್ಲ."

ರಕ್ತದ ವರದಿ, ಸ್ಕ್ಯಾನ್, ಆಂಬುಲೆನ್ಸಿನವರು ಬರೆದುಕೊಟ್ಟದ್ದು. ಅವುಗಳ ನಡುವೆ ನಾಲ್ಕು ಮಡಿಕೆಯಾಗಿ ನನ್ನ ಚೀಟಿ. ಫೆಬ್ರವರಿ ಹನ್ನೊಂದರದು. ತಲೆಯ ಮೇಲೆ ಬಿಳಿ ಜಾಗ.

"ಅದ್ಯಾವ್ದವ್ವ?"

"ನಮ್ಮ ಸೆಂಟರಿನದು."

"ಹಂಗಾರೆ ನಿಂತಾವೇ ಇಟ್ಕ. ಇಲ್ಲಿ ಕಳ್ದೋಯ್ತದೆ."

ಇಟ್ಟುಕೊಂಡೆ. ಬಸ್ಸಿನಲ್ಲಿ ಹೊಸದುರ್ಗ ಬರುವವರೆಗೂ ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದೆ. ಆಯಮ್ಮ ಹೇಳಿದ್ದು ನಿಜವೆನ್ನುವುದಕ್ಕೆ ಲೋಕದಲ್ಲಿ ಇರುವುದು ಇದೊಂದೇ ಕಾಗದ.

ಫೆಬ್ರವರಿ 20, ಗುರುವಾರ

ಚೀಟಿ ಬ್ಯಾಗಿನಲ್ಲಿದೆ. ಒಲೆ ಹಚ್ಚಿದಾಗೆಲ್ಲ ಅದರ ನೆನಪಾಗುತ್ತದೆ.

ಫೆಬ್ರವರಿ 21, ಶುಕ್ರವಾರ

ಇದೆ.

ಫೆಬ್ರವರಿ 22, ಶನಿವಾರ

ಬೆಳಗ್ಗೆ ಬಸ್ ಹತ್ತಿ ಹೊರಕೆರೆದೇವಪುರಕ್ಕೆ ಹೋದೆ. ಮರುಳಸಿದ್ದಮ್ಮನವರು ತಂಗಿಯ ಮನೆಯಲ್ಲಿದ್ದಾರೆಂದು ಕೇಳಿದ್ದೆ. ದೇವಸ್ಥಾನದ ಹಿಂದಿನ ಬೀದಿ. ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಎದ್ದೇಳಲಿಲ್ಲ, ಬಾ ಎನ್ನಲೂ ಇಲ್ಲ.

ನಿಂತುಕೊಂಡೇ ಚೀಟಿ ತೆಗೆದು ಕೊಟ್ಟೆ. ಅವರು ಕೈಯನ್ನು ಸೀರೆಗೆ ಒರೆಸಿಕೊಂಡು ಬಿಚ್ಚಿದರು. ತಲೆಯ ಮೇಲಿನ ಬಿಳಿ ಜಾಗದ ಮೇಲೆ ಬೆರಳಾಡಿಸಿದರು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ನಾನು ಎಲ್ಲವನ್ನೂ ಹೇಳಿದೆ. ಲೈಬ್ರರಿ, ದಾರಿ ಎಂದೆಲ್ಲ ಶುರುಮಾಡಿ ಕೊನೆಗೆ, "ತಪ್ಪು ನಂದು, ಸಿಸ್ಟರ್" ಎಂದೆ.

"ಯಾವತ್ತು ಗೊತ್ತಾತು ನಿಂಗೆ?"

"ಹೋದ ಶನಿವಾರ."

"ಒಂದ್ ವಾರ." ಚೀಟಿಯನ್ನು ಮಡಿಲಲ್ಲಿಟ್ಟುಕೊಂಡರು. "ಒಂದ್ ವಾರದಿಂದ ನಾನೇನ್ ಮಾಡ್ತಿದೀನಿ ಗೊತ್ತಾ? ಪಟ್ಟಿ ಇತ್ತೇನೋ, ನಾನೇ ನೋಡ್ಲಿಲ್ವೇನೋ ಅಂತ ದಿನಾ ನನ್ ಕಣ್ಣು ನಾನೇ ಪರೀಕ್ಷೆ ಮಾಡ್ಕಳ್ತಿದೀನಿ. ಕ್ಯಾಲೆಂಡರ್ನಾಗೆ ಕೆಂಪು ಅಕ್ಷರ ಕಾಣ್ತಾವಾ ಅಂತ ನೋಡ್ತೀನಿ. ನೀನು ಲ್ಯಾಪ್‌ಟಾಪ್ನಾಗೆ ತೋರ್ಸಿದ್ಯಲ್ಲ, ಅವತ್ತಿಂದ ನಂಗೆ ನನ್ ಮ್ಯಾಲೆ ನಂಬ್ಕೆ ಹೋಗೈತೆ."

ನನ್ನ ಬಾಯಿಂದ ಒಂದು ಪೆದ್ದು ಪ್ರಶ್ನೆ ಬಂತು. ಅಷ್ಟು ದಿನ ಯಾರ ಚೀಟಿಯಲ್ಲೂ ಪಟ್ಟಿ ಇರಲಿಲ್ಲವಲ್ಲ, ನಿಮಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದೆ.

ಅವರು ಮೊದಲ ಸಲ ದನಿ ಎತ್ತಿದರು. "ಪಟ್ಟಿ ಇಲ್ಲ ಅಂದ್ರೆ ಅಲರ್ಜಿ ಇಲ್ಲ ಅಂತ ಮೂರು ವರ್ಷ ಕಲ್ಸಿದೋಳು ನೀನೇ ಅಲ್ವೇನೆ? ಮೊದ್ಲು ನಾವು ಬಾಯ್ಬಿಟ್ಟು ಕೇಳ್ತಿದ್ವಿ, ಯಾವ್ ಮಾತ್ರೆ ಆಗಲ್ಲ ನಿಮ್ಗೆ ಅಂತ. ನಿನ್ ಚೀಟಿ ಬಂದ್ಮ್ಯಾಲೆ ಕೇಳದೇ ಬಿಟ್ವಿ."

ತಂಗಿ ಕಾಫಿ ತಂದಳು. ಮರುಳಸಿದ್ದಮ್ಮನವರು ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು.

"ನಿಮ್ಮ ಹತ್ರಾನೇ ಇರಲಿ ಸಿಸ್ಟರ್."

"ನನ್ತಾವ ಯಾಕೆ? ಇಲ್ಲಿ ಬಂದು ನಂಗೊಬ್ಬಳಿಗೇ ಹೇಳ್ಬಿಟ್ರೆ ಏನಾತು? ನನ್ನ ಕಳ್ಳಿ ಹಂಗೆ ನೋಡಿದ್ರಲ್ಲ, ಅವ್ರ್ ಮುಂದೆ ಹೇಳು. ಹೇಳಕ್ಕಾಗಲ್ಲ ಅಂದ್ರೆ ಹರ್ದು ಹಾಕು. ನಾನಂತೂ ಕೇಳಕ್ ಬರಲ್ಲ."

ಕಾಫಿ ಕುಡಿದೆನೋ ಇಲ್ಲವೋ ನೆನಪಿಲ್ಲ.

ಫೆಬ್ರವರಿ 24, ಸೋಮವಾರ

ಹೇಳಿದೆ.

ಮೊದಲ ಪಾಳಿ ಶುರುವಾಗುವ ಮುಂಚೆ ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆದೆ. ಫೆಬ್ರವರಿ ನಾಲ್ಕರಂದು ಇದ್ದ ಹಾಗೆಯೇ ಪ್ರೋಗ್ರಾಂ ಓಡಿಸಿದೆ. ಜುಂಜಣ್ಣನವರ ಚೀಟಿ ಪಟ್ಟಿಯಿಲ್ಲದೆ ಹೊರಬಂತು. ಅದರ ಪಕ್ಕದಲ್ಲಿ ಗಂಗಕ್ಕ ಕೊಟ್ಟ ಚೀಟಿ ಇಟ್ಟೆ. ಕಪ್ಪು ಕಿಟಕಿ ತೆರೆದು ಅದರಲ್ಲಿ ಉದುರುವ ಸಾಲುಗಳನ್ನು ತೋರಿಸಿದೆ. "ಸಿಸ್ಟರ್ ಹೇಳಿದ್ದು ನಿಜ. ಪಟ್ಟಿ ಇರಲಿಲ್ಲ. ಹನ್ನೊಂದು ದಿನ ಯಾರಿಗೂ ಬಂದಿಲ್ಲ" ಎಂದೆ. ಭಾಗ್ಯ ಬಾಯಿಗೆ ಕೈ ಅಡ್ಡ ಹಿಡಿದಳು.

ಶಿವಕುಮಾರಪ್ಪನವರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಈಗ ಸರಿ ಐತಲ್ಲಮ್ಮ, ಬಿಡ್ರಿ. ಆಯಮ್ಮನ್ನ ವಾಪಸ್ ಕರ್ಸಾಣ. ಬರವಣಿಗೆ ಗಿರವಣಿಗೆ ಯಾಕೆ? ಪೇಪರ್ನೋರ ಕೈಗೆ ಸಿಕ್ರೆ ಸೆಂಟರೇ ಮುಚ್ತದೆ."

"ಬರೆದುಕೊಡದಿದ್ರೆ ಸಿಸ್ಟರ್ ಹೆಸರು ಫೈಲಿನಲ್ಲಿ ಹಾಗೇ ಉಳಿಯುತ್ತೆ ಸರ್."

"ನಿಮ್ ಕೆಲ್ಸ?"

ಗೊತ್ತಿಲ್ಲ ಎಂದೆ. ಎರಡು ಪುಟ ಬರೆದು, ಸಹಿ ಹಾಕಿ, ಚೀಟಿಯನ್ನು ಅದಕ್ಕೆ ಪಿನ್ ಮಾಡಿ ಅವರ ಮೇಜಿನ ಮೇಲಿಟ್ಟೆ.

ಪರಮೇಶನಿಗೆ ಹೇಳಿದಾಗ ಎದ್ದು ತಟ್ಟೆ ತೆಗೆದುಕೊಂಡು, "ಊಟಕ್ ಹಾಕ್ಲಾ?" ಎಂದ. ಮದುವೆಯಾದಾಗಿನಿಂದ ಅವನು ಬಡಿಸಿದ್ದು ಇದೇ ಮೊದಲು.

ಮಾರ್ಚ್ 4, ಮಂಗಳವಾರ

ಮರುಳಸಿದ್ದಮ್ಮನವರು ಕೆಲಸಕ್ಕೆ ಮರಳಿದರು. ಫೈಲಿನಿಂದ ಅವರ ಹೆಸರು ತೆಗೆದಿದ್ದಾರೆ. ನನಗೆ ಕೆಲಸ ತಿಂಗಳ ಕೊನೆಯವರೆಗೆ ಮಾತ್ರ ಎಂದಿದ್ದಾರೆ. ಆಮೇಲೆ ದಾವಣಗೆರೆಯ ಯಾವುದೋ ಕಂಪನಿಯವರು ನೋಡಿಕೊಳ್ಳುತ್ತಾರಂತೆ.

ಸಿಸ್ಟರ್ ನನ್ನೊಡನೆ ಕೆಲಸಕ್ಕೆಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ. ಆದರೆ ಇವತ್ತು ಪ್ರತಿ ಮಂಚದ ಬಳಿಯೂ ನಿಂತು, ಚೀಟಿ ಕೈಯಲ್ಲಿದ್ದರೂ, "ಯಾವ್ ಔಷ್ದ ಆಗಲ್ಲ ನಿಮ್ಗೆ? ಬಾಯ್ಬಿಟ್ಟು ಹೇಳ್ರಿ" ಎಂದು ಕೇಳುತ್ತಿದ್ದರು. ಕಾಟಲಿಂಗಪ್ಪನವರು, "ಕುಂಕುಮ ಐತಲ್ಲಮ್ಮ" ಎಂದರೆ, "ಕುಂಕುಮ ನೋಡ್ಕಂಡೇ ಕೆಟ್ಟಿದ್ದು, ಹೇಳ್ರಿ" ಎಂದರು.

ಪ್ರೋಗ್ರಾಮಿನ ಆ ನಾಲ್ಕು ಸಾಲು ಅಳಿಸಿದೆ. ಇನ್ನು ಮೇಲೆ ಒಂದು ಲೈಬ್ರರಿ ಸಿಗದಿದ್ದರೂ ಅದು ತೆರೆಯುವುದೇ ಇಲ್ಲ. ಏನು ಸಿಗಲಿಲ್ಲವೆಂದು ತೆರೆಯ ತುಂಬ ಕನ್ನಡದಲ್ಲೇ ಹೇಳುತ್ತದೆ. ಬೇಕೆಂದೇ ಒಂದೊಂದನ್ನೂ ತೆಗೆದು, ಭಾಗ್ಯಳ ಕೈಯಲ್ಲಿ ಓಡಿಸಿ ನೋಡಿದೆ.

ಮಾರ್ಚ್ 11, ಮಂಗಳವಾರ

ಜುಂಜಣ್ಣನವರು ಇವತ್ತು ಬಂದರು. ತಿಂಗಳಲ್ಲಿ ಅರ್ಧವಾಗಿದ್ದಾರೆ. ಭುಜದ ಮೇಲಿನ ಕಂಬಳಿಯೇ ಅವರಿಗಿಂತ ಭಾರ ಕಾಣುತ್ತಿತ್ತು. ಗಂಗಕ್ಕ ನನ್ನನ್ನು ಕಂಡು ನಕ್ಕಳು, ಅವಳಿಗೆ ಯಾರೂ ಹೇಳಿರಲಿಲ್ಲ. ಚೀಟಿ ತೆಗೆಯುವ ಮೊದಲು ಅವರಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಎದುರು ಕೂತು ಹೇಳಿದೆ. ಜಾವಾ, ಲೈಬ್ರರಿ ಏನನ್ನೂ ಹೇಳಲಿಲ್ಲ. "ನೀವು ಕೊಟ್ಟ ಕಾಗದ ನಾನು ಬರೆದುಕೊಂಡಿದ್ದೆ. ಡಾಕ್ಟರಿಗೆ ಅದು ಕಾಣಬೇಕಿತ್ತು. ನನ್ನ ತಪ್ಪಿನಿಂದ ಕಾಣಲಿಲ್ಲ. ನೀವು ಸಾಯುವ ಹಾಗಾದದ್ದು ಅದರಿಂದ."

ಗಂಗಕ್ಕನ ನಗು ಹೋಯಿತು. ಅವಳ ಮೊಣಕಾಲ ಮೇಲಿದ್ದ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಅವತ್ತು ಅದಕ್ಕೇನೇ ನೀನು ದುರ್ಗಕ್ಕೆ ಬಂದಿದ್ದು?" ಎಂದಳು. ಆಮೇಲೆ ಮುಖ ತಿರುಗಿಸಿ ಕೂತವಳು ನಾನು ಇರುವವರೆಗೂ ಈ ಕಡೆ ನೋಡಲಿಲ್ಲ.

ಜುಂಜಣ್ಣನವರು ನೆಲ ನೋಡುತ್ತಿದ್ದರು. ದನಿ ಇನ್ನೂ ಒಡೆದೇ ಇದೆ.

"ಇವತ್ತು ಸರಿ ಐತಾ?"

"ಸರಿ ಐತೆ ಯಜಮಾನ್ರೆ."

"ನೋಡೀಯಾ?"

"ಬೆಳಗ್ಗೆ ಬಂದ ತಕ್ಷಣ ನೋಡೀನಿ."

"ಇನ್ನೊಂದ್ಸರ್ತಿ ನೋಡ್ಕಂಡ್ ಬಾ" ಎಂದರು. "ನಾನು ಇಲ್ಲೇ ಕುಂತಿರ್ತೀನಿ."

ಎದ್ದು ಹೋಗಿ ನೋಡಿದೆ.